ಕಬ್ಬಿಣಕ್ಕೆ ಮೈಲಿಗೆ ಇಲ್ಲ

ಕುಮಟಾದಲ್ಲಿರುವ ನನ್ನ ಅಣ್ಣ ವಸಂತನ ಮನೆಗೆ ಹೋದವರು ನೀರು ಕುಡಿಯುವ ಮೊದಲು ಒಂದು ಕಾರನ್ನು ನೋಡಬೇಕಾಗುತ್ತದೆ. ಹಾಲಿನ ಗಾಜಿನ ಕಪಾಟಿನಲ್ಲಿ, ದೀಪಾವಳಿಗೊಮ್ಮೆ ಮಾತ್ರ ಹೊರಬರುವ ಪಿಂಗಾಣಿ ಬಟ್ಟಲುಗಳ ಪಕ್ಕದಲ್ಲಿ, ಒಂದೂವರೆ ಮೊಳ ಉದ್ದದ ಕೆನೆಬಣ್ಣದ ಅಂಬಾಸಿಡರ್ ನಿಂತಿದೆ. ಮೈ ಮರದ್ದು. ಮುಂದಿನ ದೀಪಗಳು ಹಳೆಯ ಟಾರ್ಚಿನ ಗಾಜು. ಮೊನ್ನೆಯವರೆಗೆ ಅದರ ಮುಂದಿದ್ದ ರಟ್ಟಿನ ತುಂಡಿನಲ್ಲಿ ಹೀಗಿತ್ತು: ‘ತಯಾರಿಸಿದವನು: ವಸಂತ, ಒಂಬತ್ತನೆಯ ತರಗತಿ.’ ಆ ರಟ್ಟಿನ ಮೇಲಿದ್ದದ್ದರಲ್ಲಿ ಒಂಬತ್ತನೆಯ ತರಗತಿ ಎಂಬುದೊಂದು ಮಾತ್ರ ಪೂರ್ತಿ ನಿಜ. ನಲವತ್ತೇಳು ವರ್ಷಗಳಿಂದ ಬಂದವರೆಲ್ಲ ನೋಡಿ, ಹುಬ್ಬೇರಿಸಿ, ‘ಆಗಲೇ ಇಷ್ಟು ಬುದ್ಧಿ ಇತ್ತಾ’ ಎಂದು ಕೇಳಿ, ಅಣ್ಣ ತಲೆ ತಗ್ಗಿಸಿ ನಕ್ಕು, ಅತ್ತಿಗೆ ಚಾ ತಂದಿಟ್ಟಿದ್ದಾಳೆ. ಬಗ್ಗಿ ಅದರ ಅಡಿ ನೋಡಿದವನು ಒಬ್ಬನೂ ಇಲ್ಲ. ನಾನು ಹೇಳಹೊರಟಿರುವುದು ಆ ಅಡಿಯ ವಿಷಯ. ಕಾರಿನ ಭಾರ ಹೊತ್ತು, ಗಾಲಿಗೂ ಮೈಗೂ ನಡುವೆ ಕೂತು, ರಸ್ತೆಯ ಗುದ್ದನ್ನೆಲ್ಲ ತಾನು ತಿಂದು ಮೇಲಿನವರನ್ನು ಸುಖವಾಗಿಡುವ ಸಾಮಾನುಗಳ ವಿಷಯ. ಅವನ್ನು ಮಾಡಿದವಳು ನಾನು. ಮಾಡಿದ್ದು ತಿಂಗಳಿಗೆ ಮೂರು ದಿನದಂತೆ, ಏಳು ತಿಂಗಳಲ್ಲಿ, ಮನೆಯ ಹೊರಗೆ ಕೂತು. ಈ ವಯಸ್ಸಿನಲ್ಲಿ ಇದನ್ನು ಬರೆದು ಎಂತ ಸಾಧಿಸುತ್ತೀ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಸಿಟ್ಟು ಇನ್ನೂ ಇದೆ, ಅದನ್ನು ವ್ಯರ್ಥ ಮಾಡುವುದು ಸರಿಯಲ್ಲ.

ನಮ್ಮ ಮನೆ ಆಗ ಹೊನ್ನಾವರದಲ್ಲಿತ್ತು. ಮುಂದೆ ಗಂಡಸರು ಕೂರುವ ಜಗಲಿ, ಅದರ ಹಿಂದೆ ನಡುಮನೆ, ಆಮೇಲೆ ಹೊಗೆ ತುಂಬಿದ ಅಡುಗೆಮನೆ, ಅದನ್ನೂ ದಾಟಿದರೆ ಬಚ್ಚಲಿಗೂ ಬಾವಿಗೂ ನಡುವೆ ತೆಂಗಿನ ಗರಿ ಹೊದಿಸಿದ ಒಂದು ಮಾಡು. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಟ್ಯಾಕ್ಸಿ ಧಣಿಯದು, ಬೆನ್ನುನೋವು ಅಪ್ಪನದು. ಮುಂದಿನ ಗಾಜಿನ ಮೇಲೆ ಧಣಿಯ ಹೆಸರು ಹಳದಿ ಅಕ್ಷರದಲ್ಲಿ ಹೊಳೆಯುತ್ತಿತ್ತು. ಮನೆಯೊಳಗಿನ ಅಧಿಕಾರ ಅಪ್ಪನ ತಾಯಿಯದು, ಅಂದರೆ ನಮ್ಮ ಅಜ್ಜಿಯದು. ಯಾವ ನೀರು ಯಾವ ಕೊಡಕ್ಕೆ, ಯಾವ ದಿನ ಯಾವ ಮೀನು, ಯಾರು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎಂಬ ವಿಷಯಗಳಲ್ಲಿ ಅವಳು ಕೊಟ್ಟ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ನಮ್ಮನ್ನು ಹೆತ್ತ ಆಯಿ ಆ ನ್ಯಾಯಾಲಯದ ಎದುರು ವಾದ ಮಾಡಿದ್ದನ್ನು ನಾನು ನೋಡಿಲ್ಲ. ಅವಳು ಮೀನು ಕೊಯ್ಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ವಸಂತ ನನಗಿಂತ ಎರಡು ವರ್ಷ ದೊಡ್ಡವನು. ಅವನು ಹುಟ್ಟಿದ ದಿನವೇ ಎಂಜಿನಿಯರ್ ಆಗುವುದೆಂದು ನಿಶ್ಚಯವಾಗಿತ್ತು. ಮುಂದೆ ಅವನು ಬ್ಯಾಂಕಿನಲ್ಲಿ ನೋಟು ಎಣಿಸಿ ನಿವೃತ್ತನಾದದ್ದು ಬೇರೆ ಮಾತು.

ಹನ್ನೆರಡು ತುಂಬಿದ ಮೇಲೆ ತಿಂಗಳಲ್ಲಿ ಮೂರು ದಿನ ನಾನು ಹಿಂದಿನ ಮಾಡಿನಲ್ಲಿ ಕೂರಬೇಕಾಯಿತು. ಒಂದು ಚಾಪೆ, ಒಂದು ಕಂಬಳಿ, ಒಂದು ತಟ್ಟೆ. ಆಯಿ ಹೊಸ್ತಿಲಲ್ಲಿ ನಿಂತು ಗಂಜಿಯನ್ನು ಎತ್ತರದಿಂದ ಸುರಿಯುತ್ತಿದ್ದಳು. ಮೊದಮೊದಲು ಅರ್ಧ ನನ್ನ ತಟ್ಟೆಗೆ, ಅರ್ಧ ನನ್ನ ಮೊಣಕಾಲಿಗೆ. ಸುಟ್ಟ ಒಣಮೀನನ್ನು ಎಸೆಯುತ್ತಿದ್ದಳು. ಅದನ್ನು ಹಿಡಿಯುವುದರಲ್ಲಿ ನಾನು ಪಳಗಿದೆ. ನಿನ್ನೆಯವರೆಗೆ ಎಲ್ಲರ ಹಾಸಿಗೆ ಮಡಚುತ್ತಿದ್ದ, ಎಲ್ಲರ ಎಂಜಲು ಬಳಿಯುತ್ತಿದ್ದ ಕೈ ಒಂದೇ ಬೆಳಿಗ್ಗೆ ಯಾವುದನ್ನೂ ಮುಟ್ಟಬಾರದ ಕೈಯಾಗಿ, ನಾಲ್ಕನೆಯ ದಿನ ತಲೆಗೆ ನೀರು ಬಿದ್ದ ಕೂಡಲೇ ಮತ್ತೆ ಎಂಜಲು ಬಳಿಯಲು ಯೋಗ್ಯವಾಗುತ್ತಿತ್ತು. ಈ ಶಾಸ್ತ್ರವನ್ನು ಕಂಡುಹಿಡಿದವನು ಯಾರೋ ಗೊತ್ತಿಲ್ಲ. ಸಿಕ್ಕಿದರೆ ಅವನ ತಟ್ಟೆಗೂ ಎತ್ತರದಿಂದಲೇ ಗಂಜಿ ಸುರಿಯುತ್ತಿದ್ದೆ, ಬಿಸಿಯಾಗಿಯೇ.

ಆದರೆ ಆ ಮಾಡಿನಲ್ಲಿ ನನ್ನ ಜೊತೆ ಇನ್ನೂ ಒಂದು ಬಹಿಷ್ಕೃತ ಸಂತತಿ ವಾಸವಾಗಿತ್ತು: ಅಪ್ಪನ ಕಬ್ಬಿಣ. ಸವೆದ ಬೋಲ್ಟು, ಮುರಿದ ಪಾಟಾ, ತಗಡು ಕತ್ತರಿ, ಅರ, ಸುತ್ತಿಗೆ, ನಟ್ಟು ಬಿಚ್ಚುವ, ಹಲ್ಲು ಹೋದ ಪಾನಾ. ಆಯಿ ಮನೆಯೊಳಗೆ ಸೇರಿಸದ್ದೆಲ್ಲ ಅಲ್ಲಿತ್ತು. ರವಿವಾರ ಅಪ್ಪ ಟ್ಯಾಕ್ಸಿಯನ್ನು ಹಿತ್ತಲ ನೆರಳಿಗೆ ತಂದು ಅದರ ಅಡಿಗೆ ನುಗ್ಗುತ್ತಿದ್ದರು. ನಾನು ಮೊದಲ ಸಲ ಹೊರಗೆ ಕೂತ ರವಿವಾರ ಅವರಿಗೆ ಕಾರಿನಡಿಯಿಂದ ಒಂದು ಪಾನಾ ಬೇಕಾಯಿತು. ಎರಡು ಕೈಯೂ ಮೇಲೆ ಸಿಕ್ಕಿಕೊಂಡಿದ್ದವು, ವಸಂತ ಸಮುದ್ರದ ಕಡೆ ಹೋಗಿದ್ದ. ನಾನು ಎದ್ದು ಕೊಟ್ಟೆ. ಅದನ್ನು ಅಜ್ಜಿ ಬಾವಿಕಟ್ಟೆಯಿಂದ ನೋಡಿದಳು.

“ಅಯ್ಯೋ ತಂಗೀ, ಅದ್ನ ಮುಟ್ಟಿ ಅಪ್ಪಂಗೆ ಕೊಟ್ಯಲ್ಲೇ.”

ಕಾರಿನಡಿಯಿಂದ ಅಪ್ಪನ ದನಿ ಮಾತ್ರ ಬಂತು.

“ಅಬ್ಬೇ, ಕಬ್ಬಿಣಕ್ಕೆ ಎಂತ ಮೈಲಿಗೆ? ಈ ಗಾಡಿ ಮೇಲೆ ದಿನಾ ಎಷ್ಟು ಜನ ಹೆಂಗಸ್ರು ಕೂತ್ಕಂತ್ರು. ಯಾರು ಎಂತ ದಿನ್ದಲ್ಲಿ ಇದ್ರು ಅಂತ ನಾ ಕೇಳಿ ಹತ್ಸೂಕೆ ಆತದಾ? ಹಂಗೆ ನೋಡ್ರೆ ನಾ ಮನೆಗೇ ಬರೂಕಿಲ್ಲ.”

ಅಜ್ಜಿ ಕೊಡ ಕೆಳಗಿಟ್ಟು ವಿಚಾರ ಮಾಡಿದಳು. ಕಬ್ಬಿಣಕ್ಕೆ ಮೈಲಿಗೆ ಇದೆಯೆಂದರೆ ಟ್ಯಾಕ್ಸಿಗೆ ಇದೆ, ಟ್ಯಾಕ್ಸಿಗೆ ಇದೆಯೆಂದರೆ ಮಗನಿಗೆ ಇದೆ, ಮಗನಿಗೆ ಇದೆಯೆಂದರೆ ಮನೆಗೆ ಅಕ್ಕಿ ತರುವ ಕೈಗೆ ಇದೆ. ಬಾವಿಯ ರಾಟೆಯೂ ಕಬ್ಬಿಣದ್ದೇ. ಅವಳು ಅಲ್ಲೇ ನಿಂತು ತೀರ್ಪು ಕೊಟ್ಟಳು: ಕಬ್ಬಿಣಕ್ಕೆ ಮೈಲಿಗೆ ಇಲ್ಲ. ಮರಕ್ಕೆ ಇದೆ, ಬಟ್ಟೆಗೆ ಇದೆ, ಅನ್ನಕ್ಕೆ ಕೇಳುವುದೇ ಬೇಡ. ಅಡುಗೆಯ ಒಲೆಗೆ ಇದೆ, ಬಚ್ಚಲ ಒಲೆಗೆ ಇಲ್ಲ. ಊಟದ ತಟ್ಟೆ ಲೋಹವಾದರೂ ಅನ್ನದ ಪಕ್ಷ. ರಬ್ಬರಿನ ವಿಷಯ ಹಿಂದೆಂದೂ ವಿಚಾರಣೆಗೆ ಬಂದಿರಲಿಲ್ಲ, ಹಾಗಾಗಿ ಬಾಕಿ ಉಳಿಯಿತು. ಹೀಗೆ, ನನ್ನನ್ನು ಮನೆಯಿಂದ ಹೊರಹಾಕಿದ ಅದೇ ಕಾನೂನು ನನ್ನ ಕೈಗೆ ಒಂದು ವರ್ಕ್‌ಶಾಪು ಕೊಟ್ಟಿತು. ಮಿಕ್ಕ ಇಪ್ಪತ್ತೇಳು ದಿನ ನನ್ನನ್ನು ಯಾರಾದರೊಬ್ಬರು ಕರೆಯುತ್ತಲೇ ಇರುತ್ತಿದ್ದರು. ಆ ಮೂರು ದಿನ ಮಾತ್ರ, ಪಾತ್ರೆ ತೊಳೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವಸಂತನ ಹೈಸ್ಕೂಲಿನವರು ಕುಮಟಾದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡಿಕೊಂಡು ಹೋಗಬೇಕೆಂದಾಗ ಕಾರು ಮಾಡುವುದೆಂದಾಯಿತು. ಅವನ ಬಗ್ಗೆ ಹೇಳಬೇಕಾದದ್ದನ್ನು ಹೇಳಬೇಕು: ಮರದ ಕೆಲಸದಲ್ಲಿ, ಬಣ್ಣದಲ್ಲಿ ಅವನ ಕೈ ಒಳ್ಳೆಯದು. ಅಂಬಾಸಿಡರಿನ ಆ ದುಂಡು ಹೊಟ್ಟೆ, ಆ ಗಂಭೀರ ಮೂತಿ, ಎರಡನ್ನೂ ಮಾವಿನ ಹಲಗೆಯಲ್ಲಿ ಹಿಡಿದ. ಆದರೆ ಗಾಲಿಗಳನ್ನು ಹಲಗೆಗೆ ಮೊಳೆ ಹೊಡೆದು ಜಡಿದಿದ್ದ. ನಾನು ಮಾಡಿನಿಂದ ಅದನ್ನು ನೋಡಿ ಸುಮ್ಮನಿರಲಾರದೆ ಹೇಳಿದೆ.

“ಇದು ಕಾರಲ್ಲ ಅಣ್ಣಾ. ಗಾಲಿ ಇರೂ ಮಣೆ.”

“ಹಂಗಾದ್ರೆ ನೀ ಮಾಡು ನೋಡ್ವ.”

“ಮಾಡ್ತೆ. ಆದ್ರೆ ನಿನ್ನ ಮರ ನಾ ಮುಟ್ಟೂಕಿಲ್ಲ. ಅಡಿಗೆ ತಗಡಿನ ಚೌಕಟ್ಟು ಹಾಕು. ಅದ್ರ ಕೆಳಗಿನದೆಲ್ಲ ನಂದು.”

ಹೀಗೆ ಕಾರು ಅಜ್ಜಿಯ ಕಾನೂನಿನ ಪ್ರಕಾರವೇ ಪಾಲಾಯಿತು. ಮೇಲಿನ ಮರ ಅವನದು, ಕೆಳಗಿನ ಕಬ್ಬಿಣ ನನ್ನದು.

ಹಿಂದಿನ ಗಾಲಿಗಳಿಗೆ ಪಾಟಾ ಬೇಕು. ಒಂದರಡಿ ಒಂದರಂತೆ, ಕೆಳಗೆ ಹೋದಂತೆ ಗಿಡ್ಡವಾಗುವ ಉಕ್ಕಿನ ಪಟ್ಟಿಗಳ ಬಿಲ್ಲು ಅದು. ಉಕ್ಕು ಭಟ್ಕಳದಿಂದ ಬಂತು. ಗಲ್ಫಿನಿಂದ ಬಂದವರ ಪೆಟ್ಟಿಗೆಗಳಿಗೆ ಬಿಗಿದ ನೀಲಿ ಪಟ್ಟಿಗಳನ್ನು ಅಲ್ಲಿಯ ಮನೆಗಳಲ್ಲಿ ಕತ್ತರಿಸಿ ಅಂಗಳಕ್ಕೆ ಎಸೆಯುತ್ತಿದ್ದರು. ಪೆಟ್ಟಿಗೆ ಇಳಿಸಿ ಬರುವಾಗ ಅಪ್ಪ ಅವನ್ನು ಸುತ್ತಿ ತರುತ್ತಿದ್ದರು. ಒಳ್ಳೆಯ ಉಕ್ಕು, ಬಗ್ಗಿಸಿದರೆ ಮುಖಕ್ಕೆ ಹೊಡೆಯುತ್ತಿತ್ತು. ನಾಲ್ಕು ಎಳೆ ಒಂದು ಕಡೆಗೆ, ನಾಲ್ಕು ಇನ್ನೊಂದು ಕಡೆಗೆ. ನಡುವೆ ತೂತು ಮಾಡಿ ಬೋಲ್ಟು ಹಾಕಬೇಕು, ಆ ಗಟ್ಟಿ ಉಕ್ಕಿಗೆ ಮೊಳೆ ಇಳಿಯುವುದಿಲ್ಲ. ಬಚ್ಚಲ ಒಲೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿದೆ, ತೂತು ಹೊಡೆದೆ, ಹಳೆಯ ಒರಳಿನ ಬಾಗಿಗೆ ಇಟ್ಟು ಬಡಿದು ಬಿಲ್ಲು ಮಾಡಿದೆ. ಮತ್ತೆ ಗಟ್ಟಿಯಾಗಲೆಂದು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಟಿಣ್ ಎಂದು ಎರಡು ತುಂಡಾಯಿತು. ಎರಡನೆಯದೂ ಅಷ್ಟೇ. ಅಪ್ಪ ಕಾರಿನಡಿಯಿಂದಲೇ ಹೇಳಿದರು: ನೀರಲ್ಲ, ಎಣ್ಣೆ, ಆಮೇಲೆ ಬಾಣಲೆಯಲ್ಲಿ ಮರಳು ಬಿಸಿ ಮಾಡಿ ಅದರ ಮೇಲಿಡು, ಹುಲ್ಲಿನ ಬಣ್ಣ ಬರುತ್ತದೆ, ಕಂದು ಬರುತ್ತದೆ, ನೀಲಿ ಬಂದ ಕೂಡಲೇ ತೆಗಿ. ಎಣ್ಣೆ ಎಂದರೆ ನನ್ನ ಕೈಗೆಟುಕುವಂತಿದ್ದದ್ದು ಬಚ್ಚಲ ಗೂಡಿನಲ್ಲಿದ್ದ ಅಜ್ಜಿಯ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಕೆಂಪು ಉಕ್ಕು ಅದಕ್ಕೆ ಬಿದ್ದಾಗ ಎದ್ದ ಹೊಗೆ ಮನೆಯನ್ನೆಲ್ಲ ಸುತ್ತಿತು. ಜಗಲಿಯಿಂದ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

“ಯಾರ ಮನೇಲೇ ಅದು ವಡೆ ಕರಿಯೂದು?”

ಆಯಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು, ಎಣ್ಣೆಯ ಬಟ್ಟಲನ್ನು, ಅದರಲ್ಲಿ ಮುಳುಗಿದ ಪಟ್ಟಿಯನ್ನು ನೋಡಿ ಒಳಗೆ ತಿರುಗಿ ಕೂಗಿದಳು.

“ಪಕ್ಕದ ಮನೇಲಿ ಕಾಣ್ತದೆ ಅತ್ತೇ.”

ಪಾಟಾದ ತುದಿಗಳು ಚೌಕಟ್ಟಿಗೆ ಸೇರುವಲ್ಲಿ ರಬ್ಬರು ಬೇಕಿತ್ತು. ಹರಿದ ಹವಾಯಿ ಚಪ್ಪಲಿಯಿಂದ ಕತ್ತರಿಸಿದೆ. ಚಪ್ಪಲಿ ಮೊದಲೇ ಮೈಲಿಗೆಯ ವಸ್ತುವಾದ್ದರಿಂದ ಬಾಕಿ ಉಳಿದ ಪ್ರಕರಣ ಮತ್ತೆ ಏಳಲಿಲ್ಲ.

ಮುಂದಿನ ಗಾಲಿಗಳ ಕಥೆಯೇ ಬೇರೆ. ಅಲ್ಲಿ ಸುರುಳಿ ಸ್ಪ್ರಿಂಗು ಇರಬೇಕೆಂದು ನಾನೂ ಎಣಿಸಿದ್ದೆ. ಟ್ಯಾಕ್ಸಿಯ ಅಡಿಗೆ ತೂರಿ ಅಪ್ಪನ ಪಕ್ಕ ಮಲಗಿ ಹುಡುಕಿದೆ.

“ಮುಂದೆ ಸ್ಪ್ರಿಂಗ್ ಎಲ್ಲದೆ ಅಪ್ಪಾ?”

“ಇಲ್ಲ. ಈ ಸರಳೇ ಸ್ಪ್ರಿಂಗು. ಒದ್ದೆ ಬಟ್ಟೆ ಹಿಂಡ್ತಿಯಲ್ಲ, ಹಂಗೆ. ಗಾಲಿ ಮೇಲೆ ಹೋದ್ರೆ ಇದು ತಿರುಚ್ತದೆ. ಗುಂಡಿ ದಾಟಿದ ಮೇಲೆ ಬಿಚ್ಕಂತದೆ.”

“ಕಾಣೂದೇ ಇಲ್ಲ.”

“ಕೆಲಸ ಮಾಡೂದು ಕಾಣ್ಬೇಕು ಅಂತ ಎಲ್ಲಿ ಬರ್ದದೆ?”

ನೋಡಿದರೆ ಬರೀ ಒಂದು ಕಡ್ಡಿ. ಒಂದು ತುದಿ ಗಾಲಿಯನ್ನು ಹಿಡಿದ ತೋಳಿಗೆ, ಇನ್ನೊಂದು ತುದಿ ಸೀಟಿನ ಅಡಿಯ ಅಡ್ಡಪಟ್ಟಿಗೆ. ಇಡೀ ಎಂಜಿನಿನ ಭಾರವನ್ನು ಅದು ಮೈ ತಿರುಚಿಕೊಂಡು ಹೊತ್ತಿತ್ತು. ಆ ದಿನ ನನಗೆ ಆ ಕಡ್ಡಿಯ ಮೇಲೆ ಹುಟ್ಟಿದ ಗೌರವ ಆಮೇಲೆ ಯಾವ ಮನುಷ್ಯನ ಮೇಲೂ ಅಷ್ಟು ಪೂರ್ತಿಯಾಗಿ ಹುಟ್ಟಲಿಲ್ಲ. ನನ್ನ ಕಾರಿಗೆ ಅಂಥ ಎರಡು ಬೇಕು: ತೆಳ್ಳಗಿರಬೇಕು, ತಿರುಚಿದರೆ ಮರಳಬೇಕು. ಇಡೀ ಮನೆಯಲ್ಲಿ ಅಂಥ ಉಕ್ಕು ಇದ್ದದ್ದು ವಸಂತನ ಸೈಕಲ್ಲಿನ ಕಡ್ಡಿಗಳಲ್ಲಿ. ಹಿಂದಿನ ಗಾಲಿಯಿಂದ ಎರಡು ತೆಗೆದೆ. ತೆಗೆದೆ ಎಂದರೆ ಕದ್ದೆ. ಆಮೇಲಿನ ವಾರ ಗಾಲಿ ಹಾವಿನಂತೆ ಓಡಿ ಅವನನ್ನು ಬಂದರಿನ ರಸ್ತೆಯಲ್ಲಿ ಕೆಡವಿತು. ಗೆಳೆಯರನ್ನು ಇಬ್ಬಿಬ್ಬರನ್ನು ಕೂರಿಸಿಕೊಂಡು ಕಡ್ಡಿ ಮುರಿದಿದ್ದಾನೆಂದು ಅಪ್ಪ ಅವನಿಗೆ ಬೆಲ್ಟಿನಲ್ಲಿ ಎರಡು ಬಿಟ್ಟರು, ಕಡ್ಡಿಗೊಂದರಂತೆ. ತಾನು ಮುರಿದಿಲ್ಲ ಎಂದು ಅವನು ಅಳುತ್ತಾ ಆಣೆ ಹಾಕಿದ. ನಾನು ಮಾಡಿನಲ್ಲಿ ಕೂತು, ಗ್ರೀಸು ಬಳಿದ ಎರಡು ಕಡ್ಡಿಗಳನ್ನು ಅಡ್ಡಪಟ್ಟಿಗೆ ಬಿಗಿಯುತ್ತಾ, ಮೌನವನ್ನು ಕಾಪಾಡಿಕೊಂಡೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಹೊರಗೆ ಕೂತವಳಿಗೆ ಸಿಗುವ ಅಲ್ಪಸ್ವಲ್ಪ ಸವಲತ್ತುಗಳಲ್ಲಿ ಅದೂ ಒಂದು.

ಪ್ರದರ್ಶನ ಗುರುವಾರ. ಮಂಗಳವಾರ ಬೆಳಿಗ್ಗೆ ನಾನು ಹೊರಗಾದೆ. ಬುಧವಾರ ಸಂಜೆ ಮನೆಯವರೆಲ್ಲ ಅಡುಗೆಮನೆಯ ಹಿಂಬಾಗಿಲಿನಲ್ಲಿ ಸೇರಿದ್ದರು. ಕಾರು ಹೊಸ್ತಿಲ ಒಳಗೆ, ನಾನು ಹೊಸ್ತಿಲ ಹೊರಗೆ. ವಸಂತ ರಟ್ಟಿನ ಮೇಲೆ ಮಸಿಯಲ್ಲಿ ಬರೆಯುತ್ತಿದ್ದ. ‘ತಯಾರಿಸಿದವನು’ ಎಂಬಲ್ಲಿ ಅವನ ಕೈ ತಡೆಯಲಿಲ್ಲ, ‘ವಸಂತ’ ಎಂಬಲ್ಲಿಯೂ ತಡೆಯಲಿಲ್ಲ.

“ನನ್ನ ಹೆಸ್ರು?”

ಅವನು ಅಪ್ಪನನ್ನು ನೋಡಿದ. ಅಪ್ಪ ಅಜ್ಜಿಯನ್ನು ನೋಡಿದರು. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು.

“ನಿನ್ನ ಹೆಸ್ರು ಬರದ್ರೆ, ಹೆಣ್ಣು ಹುಡುಗಿ ಯಾವಾಗ ಮಾಡ್ದೆ, ಎಲ್ಲಿ ಕೂತು ಮಾಡ್ದೆ ಅಂತ ಕೇಳೂಕಿಲ್ವಾ? ಅಲ್ಲಿ ಕಾಯಿ ಒಡ್ದು, ದೀಪ ಹಚ್ಚಿ ಸುರು ಮಾಡ್ತ್ರಂತೆ. ಎಂತ ಹೇಳೂದು ಆಗ?”

“ಕಬ್ಬಿಣಕ್ಕೆ ಮೈಲಿಗೆ ಇಲ್ಲ ಅಂತ ನೀನೇ ಹೇಳಿದ್ಯಲ್ಲ ಅಜ್ಜೀ.”

“ಕಬ್ಬಿಣಕ್ಕೆ ಇಲ್ಲ. ಹೆಸ್ರಿಗೆ ಅದೆ.”

ಹೀಗೆ ಕಾನೂನಿಗೆ ಹೊಸ ಕಲಂ ಸೇರಿತು. ನಾನು ಆಯಿಯ ಕಡೆ ನೋಡಿದೆ. ಅವಳು ಕಾವಲಿಯಿಂದ ದೋಸೆ ಎಬ್ಬಿಸುತ್ತಿದ್ದಳು.

“ನಾ ಮಾಡ್ದ ದೋಸೆ ಮೇಲೆ ನನ್ನ ಹೆಸ್ರು ಬರ್ಕಂತೆನಾ? ತಿನ್ನು, ಆರೋತದೆ.”

ಅಪ್ಪ ಸಮಾಧಾನ ಮಾಡುವ ದನಿಯಲ್ಲಿ ಹೇಳಿದ್ದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

“ನೋಡು ತಂಗೀ. ಈ ಗಾಡಿ ನಾ ಹನ್ನೆರಡು ವರ್ಷ ಓಡ್ಸ್ದೆ. ಗಾಜಿನ ಮೇಲೆ ಯಾರ ಹೆಸ್ರದೆ? ಅದ್ಕೇನು, ಗಾಡಿ ಓಡೂದಿಲ್ವಾ?”

ನನಗೆ ಆಗ ಹೊಳೆಯದ ಉತ್ತರ ನಲವತ್ತೇಳು ವರ್ಷಗಳಲ್ಲಿ ದಿನಕ್ಕೊಂದರಂತೆ ಹೊಳೆದಿದೆ. ಆಗ ಮಾತ್ರ ದೋಸೆಯನ್ನು ತಟ್ಟೆ ಸಮೇತ ಬಾವಿಕಟ್ಟೆಗೆ ಎಸೆದೆ. ಕಾಗೆಗಳು ಬಂದು ತಿಂದವು, ಯಾರು ಮಾಡಿದ್ದೆಂದು ಕೇಳದೆ.

ಗುರುವಾರ ಬೆಳಿಗ್ಗೆ, ಲೆಕ್ಕಪ್ರಕಾರ ನನ್ನ ಮೂರನೆಯ ದಿನ. ಇನ್ನೊಂದು ದಿನ ಹೊರಗೇ ಇರಬೇಕು, ಕಾರು ನನ್ನನ್ನು ಬಿಟ್ಟು ಕುಮಟಾಕ್ಕೆ ಹೋಗಬೇಕು. ನಾನು ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದೆ. ಆಯಿ ಬಚ್ಚಲ ಹಂಡೆಗೆ ಉರಿ ಹಾಕಿ ಬಂದು ನನ್ನ ಚಾಪೆಯ ಅಂಚನ್ನು ಕಾಲಿನಿಂದ ಎಳೆದಳು.

“ಏಳು. ನಾಕನೇ ದಿನ ಆತು, ಮೀಯೂಕೆ ಬಾ.”

ಬಾವಿಕಟ್ಟೆಯಿಂದ ಅಜ್ಜಿ ಬೆರಳು ಮಡಚಿದಳು.

“ಮಂಗ್ಳಾರ ಕೂತದ್ದಲ್ದೇನೆ?”

“ಸೋಮಾರ ಸಂಜೆ, ಅತ್ತೇ. ನಾ ಬಂಗಡೆ ಕೊಯ್ತಾ ಇದ್ದೆ, ನೆನ್ಪಿಲ್ವಾ ನಿಮ್ಗೆ?”

ಸೋಮವಾರ ನಮ್ಮ ಮನೆಯಲ್ಲಿ ಮೀನು ಇಲ್ಲ. ಅಜ್ಜಿ ಬಂದ ಕಾಲದಿಂದಲೂ ಇಲ್ಲ, ಆ ನಿಯಮ ಅವಳದೇ. ವಡೆಯ ಸುಳ್ಳಿನಲ್ಲಿ ಪಾರಾಗಿದ್ದ ಆಯಿ ಈ ಸಲ ಒಂದೇ ವಾಕ್ಯದಲ್ಲಿ ಸಿಕ್ಕಿಬಿದ್ದಿದ್ದಳು. ಅದು ಅವಳಿಗೂ ಗೊತ್ತಾಯಿತು. ಕೈಯಲ್ಲಿದ್ದ ಚೊಂಬು ನಿಂತಿತು. ಅಜ್ಜಿ ಸೊಸೆಯ ಮುಖ ನೋಡಿದಳು. ಆಮೇಲೆ ಮಡಚಿದ ಬೆರಳುಗಳನ್ನು ಬಿಡಿಸಿ ಕೊಡ ಎತ್ತಿಕೊಂಡಳು.

“ಹೌದು ಹೌದು. ಬಂಗಡೆ ಲಾಯ್ಕಿತ್ತು.”

ಅವಳ ಎಲ್ಲ ತೀರ್ಪುಗಳಲ್ಲಿ ಅದೊಂದನ್ನು ನಾನು ಕ್ಷಮಿಸಿದ್ದೇನೆ.

ಟ್ಯಾಕ್ಸಿಯಲ್ಲಿ ವಸಂತ ಮುಂದೆ ಕೂತ, ಅಪ್ಪನ ಪಕ್ಕ, ಎಂಜಿನಿಯರರು ಕೂರುವಂತೆ. ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಕಾರು. ಹೊನ್ನಾವರದಿಂದ ಕುಮಟಾದವರೆಗೆ ಆಗ ರಸ್ತೆ ಎಂಬುದು ಗುಂಡಿಗಳ ನಡುವೆ ಅಲ್ಲಲ್ಲಿ ಸಿಗುತ್ತಿತ್ತು. ಗುಂಡಿ ಬಂದಾಗ ದೊಡ್ಡ ಅಂಬಾಸಿಡರ್ ತಲೆ ಬಗ್ಗಿಸಿ ಎತ್ತುತ್ತಿತ್ತು, ಅದರೊಳಗಿನ ಚಿಕ್ಕದೂ ಅರೆ ಗಳಿಗೆ ತಡವಾಗಿ ತಲೆ ಬಗ್ಗಿಸಿ ಎತ್ತುತ್ತಿತ್ತು. ನನ್ನ ಪಾಟಾ ಬಗ್ಗಿತು, ನನ್ನ ಕಡ್ಡಿ ತಿರುಚಿತು, ಮರಳಿತು. ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡಲಿಲ್ಲ.

ಪ್ರದರ್ಶನದ ತೀರ್ಪುಗಾರರು ಕನ್ನಡಕ ಹಾಕಿದ ಒಬ್ಬ ಮೇಷ್ಟ್ರು. ಹಿಂದಿನ ಭಾಗ ಒತ್ತಿದರು, ಕಾರು ಇಳಿದು ಎದ್ದಿತು, ಅವರ ಮುಖ ಅರಳಿತು. ಬಗ್ಗಿ ಪಾಟಾ ನೋಡಿದರು, ಎಳೆಗಳನ್ನು ಎಣಿಸಿದರು. ಮುಂದಿನ ಭಾಗ ಒತ್ತಿದರು, ಅದೂ ಇಳಿದು ಎದ್ದಿತು. ಮತ್ತೆ ಬಗ್ಗಿದರು.

“ಮುಂದಿನ ಸ್ಪ್ರಿಂಗ್ ಎಲ್ಲಿ?”

ತನ್ನ ಕೈಯಡಿಯಲ್ಲೇ ಎದ್ದು ಇಳಿಯುತ್ತಿರುವ ವಸ್ತುವಿನ ಬಗ್ಗೆ ಓದಿದ ಮನುಷ್ಯ ಕೇಳಿದ ಪ್ರಶ್ನೆ ಅದು. ವಸಂತ ನನ್ನ ಕಡೆ ನೋಡಲಿಲ್ಲ. ಏಳು ತಿಂಗಳಲ್ಲಿ ಒಂದು ಸಲವೂ ಕಾರಿನ ಅಡಿ ಏನಿದೆಯೆಂದು ಕೇಳದಿದ್ದ ನನ್ನ ಅಣ್ಣ ಹೇಳಿದ.

“ಹಾಕೂಕೆ ಮರ್ತೋಯ್ತು, ಸರ್.”

ಮರೆತುಹೋಯಿತಂತೆ. ಗೊತ್ತಿಲ್ಲ ಎಂದಿದ್ದರೆ ಕ್ಷಮಿಸುತ್ತಿದ್ದೆ. ತಂಗಿಗೆ ಗೊತ್ತು ಎಂದಿದ್ದರೆ ಅವನ ಬಟ್ಟೆ ಜೀವನಪೂರ್ತಿ ಒಗೆಯುತ್ತಿದ್ದೆ. ನಾನು ಮೇಜಿನ ಹತ್ತಿರ ಹೋದೆ.

“ಸರ್, ಅಂಬಾಸಿಡರಿಗೆ ಮುಂದ್ಗಡೆ ಸುರುಳಿ ಸ್ಪ್ರಿಂಗ್ ಇರೂದೇ ಇಲ್ಲ. ಸರಳು ತಿರುಚ್ತದೆ. ಅಲ್ಲಿ ಕಡ್ಡಿ ಅದೆ ನೋಡಿ.”

“ನೀನು ಯಾರಮ್ಮಾ?”

“ಅವ್ನ ತಂಗಿ.”

“ಅಣ್ಣನ ಪರವಾಗಿ ವಕಾಲತ್ತು. ಒಳ್ಳೆಯದು. ಆ ಕಡೆ ಹೆಣ್ಣುಮಕ್ಕಳ ಕಸೂತಿ ಇಟ್ಟಿದ್ದಾರೆ, ಹೋಗಿ ನೋಡು.” ಆಮೇಲೆ ಅವನ ಕಡೆ ತಿರುಗಿ, “ಮಧ್ಯಾಹ್ನ ಮತ್ತೆ ಬರ್ತೇನೆ. ಅಷ್ಟರೊಳಗೆ ಹಾಕಿಡು.”

ನಾನು ಕಸೂತಿ ನೋಡಲಿಲ್ಲ. ಮೇಜಿನ ಪಕ್ಕದಲ್ಲಿ ನಿಂತು, ಊಟದ ಹೊತ್ತಿನಲ್ಲಿ ಅಣ್ಣ ಗೆಳೆಯರ ಹತ್ತಿರ ಎರಡು ಟಿಕ್ ಟಿಕ್ ಪೆನ್ನು ಬೇಡಿ ತಂದು, ಅವುಗಳ ಕಿರುಬೆರಳುದ್ದದ ಸುರುಳಿಗಳನ್ನು ಬಿಚ್ಚಿ, ನನ್ನ ತೋಳುಗಳಿಗೂ ಚೌಕಟ್ಟಿಗೂ ನಡುವೆ ಅಂಟು ಹಾಕಿ ಕೂರಿಸುವುದನ್ನು ನೋಡಿದೆ. ಮೇಷ್ಟ್ರು ಬಂದರು, ಬಗ್ಗಿದರು, ಒತ್ತಿದರು. “ಈಗ ನೋಡು, ಎಷ್ಟು ಚೆನ್ನಾಗಿ ಎದ್ದು ಬರ್ತದೆ,” ಎಂದರು. ಮೊದಲ ಬಹುಮಾನ ಬಂತು: ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ, ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ವಸಂತನ ಹೆಸರು. ಮನೆಗೆ ತಂದಾಗ ಅಜ್ಜಿ ಅದನ್ನು ದೇವರ ಮುಂದಿಟ್ಟಳು. ಮುಂದಿನ ತಿಂಗಳು ನಾನು ಹೊರಗೆ ಕೂತಾಗ ಆಯಿ ಅದರಲ್ಲಿ ಉಪ್ಪಿನಕಾಯಿ ತುಂಬಿ ಹೊಸ್ತಿಲಿನಾಚೆ ನನ್ನ ಕಡೆ ದೂಡಿದಳು. ಹೊರಗಿನ ಪಾತ್ರೆ ಒಂದು ಕಡಿಮೆ ಇತ್ತು ಎಂದಳು. ಅನ್ನದ ಪಕ್ಷದ ಪಾತ್ರೆ ಒಮ್ಮೆ ಹೊರಗಾದರೆ ಮತ್ತೆ ಒಳಗೆ ಬರುವುದಿಲ್ಲ, ಕಾನೂನು. ಅದು ಈಗಲೂ ನನ್ನ ಹತ್ತಿರವೇ ಇದೆ. ಅದರಲ್ಲಿ ಬೋಲ್ಟು ಇಡುತ್ತೇನೆ.

ಕಚೇರಿಯ ಕಡತಗಳಿಂದ ಬಿಡುಗಡೆಯಾದ ಮೇಲೆ ನಾನು ಮತ್ತೊಂದು ಅಂಬಾಸಿಡರ್ ಮಾಡಲು ಕೂತಿದ್ದೇನೆ, ಮೊದಲಿಗಿಂತ ದೊಡ್ಡದು. ಮುಂದಿನ ತೋಳುಗಳ ಚಿತ್ರವನ್ನು ಇಂಥ ಹವ್ಯಾಸದವರ ಫೋನಿನ ಗುಂಪಿಗೆ ಹಾಕಿದೆ. ‘ಸೂಪರ್ ಸರ್’ ಎಂದು ಹದಿನಾಲ್ಕು ಜನ ಬರೆದರು. ಒಬ್ಬರು ಮಾತ್ರ ಕೇಳಿದರು: ‘ಸರ್, ಮುಂದೆ ಸ್ಪ್ರಿಂಗ್ ಎಲ್ಲಿ?’ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, ಬಸ್ಸು ಹತ್ತಿ ಕುಮಟಾಕ್ಕೆ ಹೋದೆ. ಹಳೆಯ ಕಾರಿನ ಅಳತೆ ತೆಗೆಯಬೇಕು, ಕಪಾಟು ತೆಗಿ ಎಂದೆ. ಅಣ್ಣನಿಗೆ ಈಗ ಮಂಡಿನೋವು. ನಾನೇ ಕಾರನ್ನು ಎತ್ತಿ ಊಟದ ಮೇಜಿನ ಮೇಲಿಟ್ಟು, ಅತ್ತಿಗೆಯ ಹಳೆಯ ಸೀರೆಯ ಮೇಲೆ ಮಗುಚಿದೆ. ಪಾಟಾ ಹಾಗೇ ಇತ್ತು. ಗ್ರೀಸು ಒಣಗಿ ಅಂಟಾಗಿತ್ತು, ಅದರಡಿ ಕಡ್ಡಿಗಳು ಹೊಳೆಯುತ್ತಿದ್ದವು. ಪೆನ್ನಿನ ಸುರುಳಿಗಳು ಸಮುದ್ರದ ಗಾಳಿಗೆ ಕೆಂಪಗೆ ತುಕ್ಕು ಹಿಡಿದು ಪುಡಿಯಾಗುತ್ತಿದ್ದವು. ನಾನು ಚಿಮಟ ತೆಗೆದುಕೊಂಡೆ.

“ಸುಮಿತ್ರಾ, ಅದ್ನ ತೆಗಿಬೇಡ್ವೇ. ಕಾರು ಮುಂದೆ ಕೂತೋತದೆ.”

ಅವನ ಮುಖ ನೋಡಿದೆ. ತಮಾಷೆ ಅಲ್ಲ. ಅರವತ್ತೆರಡು ವರ್ಷದ ಈ ಮನುಷ್ಯ, ಆ ಎರಡು ಪೆನ್ನಿನ ಸುರುಳಿಗಳೇ ಕಾರನ್ನು ಎತ್ತಿ ಹಿಡಿದಿವೆಯೆಂದು ಅಷ್ಟು ವರ್ಷವೂ ನಂಬಿದ್ದ. ಸುಳ್ಳು ಹೇಳಿದ್ದಾನೆ ಎಂದು ನಾನು ಸಿಟ್ಟು ಮಾಡಿಕೊಂಡಿದ್ದೆ. ಅವನು ಸುಳ್ಳು ಹೇಳುವಷ್ಟೂ ತಿಳಿದುಕೊಂಡಿರಲಿಲ್ಲ. ಒಂದನ್ನು ಕಿತ್ತೆ. ಇನ್ನೊಂದನ್ನು ಕಿತ್ತೆ. ಕಾರನ್ನು ತಿರುಗಿಸಿ ಗಾಲಿಗಳ ಮೇಲೆ ನಿಲ್ಲಿಸಿದೆ. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಣ್ಣ ಬಂದು ಮೂತಿಯನ್ನು ಬೆರಳಿನಿಂದ ಒತ್ತಿದ. ಇಳಿಯಿತು, ಎದ್ದಿತು. ಮತ್ತೊಮ್ಮೆ ಒತ್ತಿದ.

ಆಮೇಲೆ ಕಪಾಟಿನಿಂದ ರಟ್ಟು ತಂದ. ಅದರ ಹಿಂದಿನ ಖಾಲಿ ಬದಿಯನ್ನು ಮೇಲೆ ಮಾಡಿ, ಜೇಬಿನ ಪೆನ್ನು ತೆಗೆದು ಕೂತ. ‘ಮೇಲಿನ ಮೈ: ವಸಂತ’ ಎಂದು ಬರೆದ. ಅದರಡಿ, ‘ಕೆಳಗಿನ ಕಬ್ಬಿಣ ಎಲ್ಲ: ಸುಮಿತ್ರಾ.’ ನಾನು ಕಿಟಕಿಯ ಕಡೆ ನೋಡಿದೆ.

“ಹಂಗಾದ್ರೆ ಇಷ್ಟು ವರ್ಷ ಎಂತದ್ರ ಮೇಲೆ ನಿಂತಿತ್ತೇ ಇದು?”

“ನಿನ್ನ ಸೈಕಲ್ಲಿನ ಎರಡು ಕಡ್ಡಿ ಮೇಲೆ.”

ಪೆನ್ನು ಮೇಜಿಗೆ ಬಿತ್ತು.

“ನೀನಾ ತೆಗ್ದದ್ದು? ಅಪ್ಪ ಬೆಲ್ಟು ತಕಂಡು ಹೊಡೆದದ್ದು ಅದ್ಕೆ ಅಲ್ವಾ? ನಾ ಮುರೀಲಿಲ್ಲ, ಮುರೀಲಿಲ್ಲ ಅಂತ ಕೂಗ್ತಿದ್ದೆ, ನೀ ಅಲ್ಲೇ ಕೂತಿದ್ದೆ. ಹೇಳೂಕೆ ಎಂತಾಗಿತ್ತು ನಿಂಗೆ?”

“ಹೇಳೂಕೆ ಮರ್ತೋಯ್ತು,” ಎಂದೆ.

ಅವನು ಪೆನ್ನು ಎತ್ತಿಕೊಂಡು, ರಟ್ಟನ್ನು ಹತ್ತಿರ ಎಳೆದುಕೊಂಡು, ನನ್ನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ‘ಕಡ್ಡಿ: ವಸಂತನ ಸೈಕಲ್.’ ಅತ್ತಿಗೆ ಚಾ ತಂದಿಟ್ಟಳು. ಕಾರು ಮತ್ತೆ ಕಪಾಟು ಸೇರಿತು, ಅದರ ಮುಂದೆ ಮಗುಚಿದ ರಟ್ಟು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಾ ಕೂತಿದ್ದೆ. ಒಟ್ಟು ಮೂರು ಸಾಲು. ಅದರಲ್ಲಿ ಎರಡು ಈಗಲೂ ಅವನವೇ.